ಅರವತ್ತೆಂಟು ಅಂಕ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಗುಂಡುಸೂಜಿ. ವೃದ್ಧರ ಆರೈಕೆ ಕೇಂದ್ರದ ಹಿರಿಯ ನರ್ಸಿನ ಮೇಜಿಗೆ ಹೋಗಬೇಕಾಗಿದ್ದ ಎರಡು ಹಾಳೆಯ ಸುತ್ತೋಲೆಯನ್ನು ಯಾರೋ ಊಟದ ಮನೆಯ ಹಲಗೆಗೆ ಚುಚ್ಚಿಬಿಟ್ಟಿದ್ದರು. ಸೂಜಿ ಒಂದೇ ಇದ್ದದ್ದರಿಂದ ಎರಡನೇ ಹಾಳೆ ಮೊದಲನೆಯದರ ಬೆನ್ನಿಗೆ ಅಡಗಿ ಕೂತಿತ್ತು. ಕಣ್ಣಿಗೆ ಬೀಳುತ್ತಿದ್ದ ಹಾಳೆಯಲ್ಲಿ ಇದ್ದದ್ದು ಇಷ್ಟು: ಈ ದಿನ ಇಲಾಖೆಯವರು ಬಂದು ಆರೈಕೆಯ ಗುಣಮಟ್ಟ ನೋಡಿ ನೂರಕ್ಕೆ ಅಂಕ ಕೊಡುತ್ತಾರೆ, ಎಪ್ಪತ್ತೈದು ದಾಟಿದರೆ ಆ ಕೇಂದ್ರಕ್ಕೆ ಇನ್ನೂ ಇಪ್ಪತ್ತು ಜನರನ್ನು ಸೇರಿಸಲಾಗುತ್ತದೆ.

ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಅಲ್ಲಿನ ಮೂವತ್ತೊಂದು ಜನರೂ ಅದನ್ನು ಓದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಕಿಟಕಿ ಇದ್ದ ಮನೆ ಅದು. ಇಪ್ಪತ್ತು ಜನ ಬಂದರೆ ಕಿಟಕಿಯ ಪಕ್ಕ ಇನ್ನೊಂದು ಮಂಚ, ಆ ಮಂಚದ ಮೇಲೆ ಇನ್ನೊಬ್ಬರ ಗೊರಕೆ. ನಿವೃತ್ತ ಲೆಕ್ಕದ ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟು, ಅಂಕ ಕಡಿಮೆ ಬೀಳುವಂತೆ ನೋಡಿಕೊಳ್ಳುವುದು ಎಲ್ಲರ ಕರ್ತವ್ಯ ಎಂದು ತೀರ್ಪು ಕೊಟ್ಟರು.

ಇದೊಂದೂ ಗೊತ್ತಿಲ್ಲದೆ ಹತ್ತು ಗಂಟೆಗೆ ಬಂದವನು ಇಲಾಖೆಯ ಗುಮಾಸ್ತ. ಬರಬೇಕಾಗಿದ್ದ ಅಧಿಕಾರಿಗೆ ಸೊಂಟ ಹಿಡಿದುಕೊಂಡಿತ್ತು. ಮೂರು ವರ್ಷದಿಂದ ತಾತ್ಕಾಲಿಕವಾಗಿಯೇ ದುಡಿಯುತ್ತಿದ್ದ ಇವನನ್ನು ಸಾಹೇಬರು ಕರೆದು, ಇದೊಂದು ವರದಿ ಸರಿಯಾಗಿ ತಂದರೆ ಕೆಲಸ ಖಾಯಂ ಎಂದಿದ್ದರು. ಗುಮಾಸ್ತ ಒಳ್ಳೆಯವನೇ. ಆದರೆ ಯಾರಿಗೂ ಇಲ್ಲ ಅನ್ನಲು ಬಾರದವನು. ಪರದೆಯ ಬಟ್ಟೆ ತರಲು ಹೋಗಿ, ಅಂಗಡಿಯವನ ಮಾತಿಗೆ ಓಗೊಟ್ಟು ಏಣಿ ಹೊತ್ತುಕೊಂಡು ಬಂದವನು ಎಂದು ಅವನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ನಿಯಮದ ಪ್ರಕಾರ ಅವನು ಸಿಬ್ಬಂದಿಯನ್ನೆಲ್ಲ ಹೊರಗೆ ಕಳಿಸಿ, ಇಪ್ಪತ್ತು ಪ್ರಶ್ನೆಗಳ ನಮೂನೆ ಬಿಚ್ಚಿ, ಪೆನ್ಸಿಲ್ ಹಿಡಿದು ಕೂತ. ಮೊದಲು ಬಂದವರು ಕಿಟಕಿ ಅಜ್ಜಿ. ಇಡೀ ದಿನ ಕಿಟಕಿಯ ಬಳಿಯೇ ಇರುತ್ತಿದ್ದುದರಿಂದ ಅವರಿಗೆ ಆ ಹೆಸರು. ಒಂದು ತಿಂಗಳಿಂದ ತನಗೆ ಸ್ನಾನವೇ ಮಾಡಿಸಿಲ್ಲ ಎಂದರು. ಅವರ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು; ಸೋಪಿನ ವಾಸನೆ ಗುಮಾಸ್ತನ ಮೂಗಿನವರೆಗೂ ಬಂತು. ಇನ್ನೊಬ್ಬ ಅಜ್ಜ, ಹೊಟ್ಟೆಗಿಲ್ಲದೆ ಸೊರಗಿಹೋಗಿದ್ದೇನೆ ಎನ್ನುವಾಗ ಅಂಗಿಯ ಗುಂಡಿಯೊಂದು ಕಿತ್ತು ಮೇಜಿನ ಮೇಲೆ ಬಿತ್ತು. ಮೇಷ್ಟ್ರಂತೂ, ಗಂಟೆ ಒತ್ತಿದರೆ ಇಲ್ಲಿ ನರಪಿಳ್ಳೆಯೂ ತಿರುಗಿ ನೋಡುವುದಿಲ್ಲ ಎಂದು ತೋರಿಸಲು ಗಂಟೆ ಒತ್ತಿಯೇಬಿಟ್ಟರು. ಅರ್ಧ ನಿಮಿಷಕ್ಕೆ ಹಿರಿಯ ನರ್ಸ್ ಓಡಿಬಂದಳು.

"ಯಾಕಮ್ಮಾ ಬಂದೆ?" ಎಂದು ಮೇಷ್ಟ್ರು ಸಿಡುಕಿದರು. "ಹೇಳಿದ ಮಾತು ಒಂದನ್ನಾದರೂ ಸುಳ್ಳು ಮಾಡದೆ ಇರೋಕೆ ಆಗಲ್ವಾ ನಿನಗೆ?"

ಅವಳು ಪಿಳಿಪಿಳಿ ಕಣ್ಣುಬಿಟ್ಟು, ಅವರ ಹೆಗಲಿನ ಶಾಲು ಸರಿಮಾಡಿ ಹೋದಳು.

ಕಣ್ಣು ಹೇಳಿದ್ದು ಒಂದು, ಕಿವಿಗೆ ಬಿದ್ದದ್ದು ಇನ್ನೊಂದು. ಆದರೆ ನಿವಾಸಿಗಳ ಮಾತೇ ಮುಖ್ಯ ಎಂದು ನಮೂನೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಗುಮಾಸ್ತ ನಿಟ್ಟುಸಿರು ಬಿಟ್ಟು ಬರೆದುಕೊಂಡ. ಊಟದ ಹೊತ್ತಿಗೆ ಒಟ್ಟು ಮೂವತ್ತೆಂಟು.

ಊಟದ ಮನೆಯಲ್ಲಿ ಹೊಟ್ಟೆಗಿಲ್ಲದ ಅಜ್ಜ ಎರಡನೇ ಸಲ ಬಡಿಸಿಕೊಳ್ಳಲು ಎದ್ದರು. ಅವರ ಮೊಣಕೈ ತಾಗಿ ಹಲಗೆಯ ಗುಂಡುಸೂಜಿ ಕಳಚಿತು; ಮೊದಲ ಹಾಳೆ ನೆಲಕ್ಕೆ, ಎರಡನೆಯದು ಮೇಷ್ಟ್ರ ತಟ್ಟೆಗೆ. ಅವರು ಅದನ್ನು ಒರೆಸಿ ಓದಿದರು. ಅರವತ್ತಕ್ಕಿಂತ ಕಡಿಮೆ ಅಂಕ ಬಂದ ಕೇಂದ್ರದ ಹಿರಿಯ ನರ್ಸನ್ನು ಕೂಡಲೇ ಬೇರೆ ಕಡೆಗೆ ವರ್ಗ ಮಾಡಲಾಗುವುದು ಎಂದಿತ್ತು.

ಅವಳನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಿಲ್ಲ; ಮೂವತ್ತೊಂದು ಜನರೂ ಊಟ ಅರ್ಧಕ್ಕೆ ಬಿಟ್ಟು ಎದ್ದರು.

ಮಧ್ಯಾಹ್ನ ಗುಮಾಸ್ತ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆ ಕೇಂದ್ರ ಸ್ವರ್ಗವಾಗಿತ್ತು. ಕಿಟಕಿ ಅಜ್ಜಿಗೆ ದಿನಕ್ಕೆರಡು ಸಲ ಸ್ನಾನವಂತೆ. ಬೆಳಿಗ್ಗೆ ಹೇಳಿದ್ದೇನು ಎಂದು ಅವನು ಕೇಳಿದ್ದಕ್ಕೆ, ಈ ವಯಸ್ಸಿನಲ್ಲಿ ಬೆಳಗಿನ ಮಾತನ್ನು ಯಾರಪ್ಪ ನೆನಪಿಟ್ಟುಕೊಳ್ಳುತ್ತಾರೆ ಎಂದು ಅವರೇ ತಿರುಗಿ ಕೇಳಿದರು. ಅವನು ಎಲ್ಲ ಅಳಿಸಿ ಮತ್ತೆ ಬರೆದ. ತೊಂಬತ್ತಾರು ಬಂತು. ಅಷ್ಟರಲ್ಲಿ ಮೇಷ್ಟ್ರಿಗೆ ಎಪ್ಪತ್ತೈದರ ಗಡಿ ನೆನಪಾಗಿ, ಅವರು ಕೋಲೂರಿಕೊಂಡು ಬಂದು ಅವನ ಪೆನ್ಸಿಲ್ ಹಿಡಿದುಕೊಂಡರು.

ಸುತ್ತ ಮೂವತ್ತೊಂದು ಕುರ್ಚಿಗಳು ಕೂಡಿದವು. ಮೇಷ್ಟ್ರು ಎರಡೂ ಹಾಳೆಗಳನ್ನು ಅವನ ಮುಂದಿಟ್ಟು ನಡೆದದ್ದನ್ನೆಲ್ಲ ಒಪ್ಪಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅರವತ್ತು ಮತ್ತು ಎಪ್ಪತ್ತೈದರ ನಡುಮಧ್ಯ ಅರವತ್ತೇಳೂವರೆ, ಅರ್ಧ ಅಂಕಕ್ಕೆ ಅವಕಾಶ ಇಲ್ಲದ್ದರಿಂದ ಅರವತ್ತೆಂಟು ಎಂದರು. ಗುಮಾಸ್ತ ಬೆವರೊರೆಸಿಕೊಂಡು, ಇದು ತಪ್ಪಾಗುತ್ತದೆ, ತನ್ನ ಕೆಲಸ ಖಾಯಂ ಆಗುವುದು ಈ ವರದಿಯ ಮೇಲೆಯೇ ನಿಂತಿದೆ ಎಂದ. ಜೀವಮಾನದಲ್ಲಿ ಮೊದಲ ಸಲ ಇಲ್ಲ ಎಂದಿದ್ದ.

ಕಿಟಕಿ ಅಜ್ಜಿ ಅವನ ಕೈ ಮೇಲೆ ಕೈಯಿಟ್ಟರು.

"ನೋಡಪ್ಪ, ಒಂದೊಂದು ದಿನ ನನಗೆ ನನ್ನ ಹೆಸರೇ ಮರೆತುಹೋಗತ್ತೆ. ಕೇಳೋಕೆ ನಾಚಿಕೆ. ಅವಳು ಮಾತ್ರೆ ಕೊಡುವಾಗ ಸುಮ್ಮನೆ ಎರಡು ಮೂರು ಸಲ ನನ್ನ ಹೆಸರು ಹಿಡಿದು ಕರೀತಾಳೆ, ನನಗೆ ಗೊತ್ತಾಗಲಿ ಅಂತ. ಅದಕ್ಕೆ ನಿನ್ನ ಹಾಳೆಯಲ್ಲಿ ಯಾವ ಪ್ರಶ್ನೆ ಇದೆ, ತೋರಿಸು."

ಅವನು ಇಪ್ಪತ್ತೂ ಪ್ರಶ್ನೆ ನೋಡಿದ. ಇರಲಿಲ್ಲ. ಮತ್ತೆ ರಬ್ಬರ್ ತೆಗೆದುಕೊಂಡ.

ಅಂಕ ಕಳೆಯುವ ಕೆಲಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಸುಳ್ಳು ಬೇಡ, ನಿಜವಾದ ದೋಷಗಳನ್ನೇ ಹುಡುಕೋಣ ಎಂದರು ಮೇಷ್ಟ್ರು. ಕಿರುಗುಟ್ಟುವ ಬಾಗಿಲು, ಒಂದೇ ನಿಲ್ದಾಣ ಹಿಡಿಯುವ ರೇಡಿಯೋ, ಬಣ್ಣ ಮಾಸಿದ ಪರದೆ ಸಿಕ್ಕವು. ಆಮೇಲೆ ಗುಮಾಸ್ತನೇ ಮೆಟ್ಟಿಲಿನ ಮೇಲೆ ಬಗ್ಗಿ, ಸಡಿಲವಾದ ಹಿಡಿಗಂಬಿಯೊಂದನ್ನು ಪತ್ತೆಮಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ನಾಲ್ಕಕ್ಕೆ ಲೆಕ್ಕ ಅರವತ್ತೆಂಟಕ್ಕೆ ಬಂದು ನಿಂತಿತು. ಅವನು ಶಾಯಿಯಲ್ಲಿ ತಿದ್ದಿ, ಸಹಿ ಹಾಕಿ, ಎರಡು ಬಸ್ಸು ಬದಲಾಯಿಸಿ ಕಚೇರಿ ಸೇರಿದ.

ಸಾಹೇಬರು ವರದಿಯನ್ನು ಎರಡು ಸಲ ಓದಿದರು. ಇದರಲ್ಲಿ ಹೊಗಳಿಕೆಯೂ ಇಲ್ಲ, ಹಗೆಯೂ ಇಲ್ಲ; ಹಿಡಿಗಂಬಿಯನ್ನೂ ಬಿಡದೆ ನೋಡಿದ್ದಾನೆ, ತೂಕದ ವರದಿ ಎಂದರೆ ಇದು ಎಂದರು. ಖಾಯಂ ಆದೇಶ ಬೆರಳಚ್ಚಾಗಿ ಮೇಜಿನ ಮೇಲೇ ಇತ್ತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

"ಇನ್ನೊಂದು ಸಣ್ಣ ಕಾಗದ ಇದೆ," ಎಂದು ಅವರು ಅಂಟಿಸಿದ ಲಕೋಟೆಯೊಂದನ್ನು ಎತ್ತಿಕೊಂಡರು. "ಬಂದವರು ಹೇಗೆ ನಡ್ಕೊಂಡರು ಅಂತ ನಿವಾಸಿಗಳನ್ನೂ ಕೇಳ್ತೀವಿ. ಈ ವರ್ಷದಿಂದ ಹೊಸದು. ಕೇಂದ್ರದ ಗಾಡಿಯವನು ನಿಮಗಿಂತ ಮುಂಚೆಯೇ ತಂದುಕೊಟ್ಟ."

ಗುಮಾಸ್ತನ ಎದೆ ಹಗುರಾಯಿತು. ಆ ಅಜ್ಜ ಅಜ್ಜಿಯರು ಕೆಟ್ಟದ್ದು ಬರೆಯುವವರಲ್ಲ. ಸಾಹೇಬರು ಒಡೆದು ನೋಡಿದರು. ನೂರಕ್ಕೆ ನೂರು, ಕೆಳಗೆ ಮೂವತ್ತೊಂದು ಸಹಿ. ಹುಬ್ಬೇರಿಸಿ ಗಟ್ಟಿಯಾಗಿ ಓದತೊಡಗಿದರು.

"ಇಂಥ ಅಧಿಕಾರಿಯನ್ನು ನಾವು ಕಂಡಿಲ್ಲ. ಬೆಳಿಗ್ಗೆ ದೂರು ಹೇಳಿದೆವು, ಮೂವತ್ತೆಂಟು ಕೊಟ್ಟರು. ಮಧ್ಯಾಹ್ನ ಹೊಗಳಿದೆವು, ಬೇಸರಿಸದೆ ಅಳಿಸಿ ತೊಂಬತ್ತಾರು ಕೊಟ್ಟರು. ಕೊನೆಗೆ ಅರವತ್ತೆಂಟು ಸಾಕು ಎಂದಾಗ, ಕಡಿಮೆ ಮಾಡಲು ದೋಷ ಸಿಗದೆ ನಾವು ಪರದಾಡುತ್ತಿದ್ದರೆ, ಪಾಪ, ತಾವೇ ಬಗ್ಗಿ ಹುಡುಕಿಕೊಟ್ಟರು. ಇವರ ಕೆಲಸ ದಯವಿಟ್ಟು ಖಾಯಂ ಮಾಡಿ."

ಸಾಹೇಬರು ಕಾಗದವನ್ನು ನಿಧಾನವಾಗಿ ಮಡಿಸಿ, ಪೆನ್ನಿಗೆ ಮುಚ್ಚಳ ಹಾಕಿದರು.