ಬೀಗರ ದೋಣಿಗೆ ನಾನು ಬಿಗಿದ ನಟ್ಟು

ಕಲ್ಯಾಣದುರ್ಗದ ಕಡೆಯ ಒಂದು ಕೆರೆಯಲ್ಲಿ ದೋಣಿ ಮೋಟಾರಿನಲ್ಲಿ ನೀರು ತಳ್ಳುವ ಫ್ಯಾನು ಅರ್ಧ ಬೆರಳಿನಷ್ಟು ಅಲ್ಲಾಡುತ್ತಿದೆ ಎಂಬ ಆತಂಕಕಾರಿ ಸುದ್ದಿ ಬೆಳಿಗ್ಗೆ ಎಂಟಕ್ಕೆ ಹಿಂದೂಪುರ ತಲುಪಿತು. ಪ್ರಾಣಹಾನಿ ವರದಿಯಾಗಿರಲಿಲ್ಲ. ಫೋನು ಮಾಡಿದವರು ನನ್ನ ಬೀಗರು. ಮಗಳನ್ನು ಕೊಟ್ಟ ಮನೆ. ಆ ಕೆರೆಯ ಮೀನು ಗುತ್ತಿಗೆ ಅವರದು. "ನಮ್ಮ ಬೀಗರು ಮೆಕ್ಯಾನಿಕ್ಕು, ಅವರು ಕೈ ಇಟ್ರೆ ಮುಗೀತು" ಎಂದು ಊರಿಗೆಲ್ಲ ಹೇಳಿಕೊಂಡಿದ್ದರು.

ನಾನು ಮೂವತ್ತು ವರ್ಷದಿಂದ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ದೋಣಿ ಮೋಟಾರನ್ನು ಕಣ್ಣಲ್ಲಿ ಕೂಡ ಕಂಡಿರಲಿಲ್ಲ. ಆದರೆ ಬೀಗರ ಮುಂದೆ "ನನಗೆ ಬರಲ್ಲ" ಎನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ಕಳ್ಸಿ, ಅದೇನ್ ಮಹಾ" ಎಂದೆ. ಬದುಕಿನಲ್ಲಿ ನಟ್ಟು ಬಿಗಿಯುವಂಥ ಸಣ್ಣ ಕೆಲಸಗಳು ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ.

ಫಿಟ್ಟರನ ಪ್ರಶ್ನೆ

ಮೋಟಾರು ಗೂಡ್ಸ್ ಆಟೋದಲ್ಲಿ ಬಂತು. ಜೊತೆಗಿದ್ದ ಪುಸ್ತಕವನ್ನು ಎರಡು ಸಲ ಓದಿದೆ. ಮೊದಲು ಪ್ಲಗ್ ವೈರು ಕೀಳಬೇಕು, ಇಲ್ಲವಾದರೆ ಮೋಟಾರು ತಾನೇ ಎದ್ದು ಬೆರಳು ಕೇಳುತ್ತದೆ. ಫ್ಯಾನು ಹಿಡಿಯುವ ನಟ್ಟು ತಿರುಗಿಸಿದರೆ ಫ್ಯಾನೂ ಜೊತೆಗೆ ಸುತ್ತುತ್ತದೆ. ಆದ್ದರಿಂದ ರೆಕ್ಕೆಗೂ ಮೇಲಿನ ತಟ್ಟೆಗೂ ನಡುವೆ ಮರದ ತುಂಡು ಕೊಡಬೇಕು. ಎಲ್ಲ ಸರಿಯಾಗಿಯೇ ಮಾಡಿದೆ.

ಅಷ್ಟರಲ್ಲಿ ಬೋರ್‌ವೆಲ್‌ಗೆ ಪೈಪು ಇಳಿಸುವ ಫಿಟ್ಟರು ಬಂದ. ಅವನ ವೃತ್ತಿಯಲ್ಲಿ ಸಡಿಲ ಎಂದರೆ ಮೋಟಾರು ಪಾತಾಳಕ್ಕೆ ಹೋಯಿತು ಎಂದರ್ಥ. ನನ್ನ ಸ್ಪ್ಯಾನರಿಗೆ ನಾಲ್ಕಡಿ ಪೈಪು ಸಿಕ್ಕಿಸಿ, "ಸರ್ಕೊ ಅಣ್ಣ, ಜೀವಮಾನಕ್ಕೂ ಬಿಚ್ಕಬಾರ್ದು, ಹಂಗೆ ಹಾಕ್ತೀನಿ" ಎಂದ.

"ಬೇಡ ಕಣ್ಲಾ, ಇದಕ್ಕೆ ಲೆಕ್ಕದಷ್ಟೇ ಬಿಗಿ."

"ಎಷ್ಟಡಿ ಇಳ್ಸೋದು?"

"ಇಳ್ಸೋದಿಲ್ಲ. ಕೆರೆ ಮೇಲೆ ಓಡೋದು."

"ನೀರು ಎಷ್ಟಡಿಗೈತೆ?"

"ಮೇಲೇ ಐತೆ."

ಅವನು ಪೈಪು ಕೆಳಗಿಟ್ಟು ಕೇಳಿದ: "ಮೇಲೇ ನೀರಿದ್ರೆ ಮೋಟಾರು ಯಾಕಣ್ಣಾ?"

ಹುಣಸೆಹಣ್ಣಿನವರ ಆಕ್ಷೇಪಣೆ

ನಟ್ಟಿನ ತಲೆಯಲ್ಲಿ ಪೆನುಕೊಂಡದ ಕೋಟೆಗೋಡೆಯ ಹಾಗೆ ಹಲ್ಲುಗಳಿವೆ. ಹಲ್ಲಿನ ಸಂದಿಯೂ ಫ್ಯಾನು ಕೂರುವ ದಂಡದ ತೂತೂ ಒಂದೇ ನೇರಕ್ಕೆ ಬರಬೇಕು; ಆಗ ಪಿನ್ನು ತೂರಿಸಿ ಎರಡು ಕಾಲನ್ನೂ ಬಾಗಿಸಬೇಕು. ನೇರವಾಗದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಹಾಗೆಯೇ ಮಾಡಿ, ಮೋಟಾರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ, ಪ್ಲಗ್ ವೈರು ಹಾಕಿ, ಹಗ್ಗ ಎಳೆದು, ಗೇರು ಹಾಕಿದೆ.

ಡ್ರಮ್ಮು ಒಂದೇ ಉಸಿರಿಗೆ ಖಾಲಿಯಾಯಿತು. ನೀರು ರಸ್ತೆ ದಾಟಿ ಎದುರಿನ ಹುಣಸೆಹಣ್ಣಿನ ಮಂಡಿಯ ಮೂಟೆಗಳ ಮೇಲೆ ಬಿತ್ತು. ಮಂಡಿಯ ಯಜಮಾನರು ಹೊರಬಂದು ಆಕಾಶ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏಮಯ್ಯಾ ಇದಿ? ಏನಯ್ಯಾ ಇದು?"

"ನಟ್ಟು ಪರೀಕ್ಷೆ ಮಾಡ್ತಿದ್ದೆ ಸಾಮಿ. ಒಂದ್ಚೂರೂ ಅಲ್ಲಾಡ್ಲಿಲ್ಲ."

"ಸಂತೋಷ ಕಣಪ್ಪ," ಎಂದರು ಒದ್ದೆ ಮೂಟೆ ಒತ್ತುತ್ತಾ. "ಸಾರಿಗೆ ಹುಣಸೆಹಣ್ಣು ಮನೇಲಿ ನೆನೆಸ್ತಾರೆ. ಊರಿಗೆಲ್ಲ ಒಂದೇ ಸಲ ನೆನೆಸಿದೋನು ನೀನೊಬ್ನೇ."

ಬೀಗಿತ್ತಿಯ ಪೂಜೆ

ದೋಣಿ ಇಳಿಸುವ ದಿನ ನಾನೇ ಕಲ್ಯಾಣದುರ್ಗಕ್ಕೆ ಹೋದೆ. ಮೋಟಾರನ್ನು ದೋಣಿಗೆ ಕಟ್ಟಿ, ಊಟಕ್ಕೆ ಕೂತೆ. ನೆಂಟರೆಲ್ಲ ಸಾಲಾಗಿ ಕೂತಿದ್ದರು. ಎರಡನೇ ಮುದ್ದೆ ಬೀಳುವಾಗ ಬೀಗರು ಎಲ್ಲರಿಗೂ ಕೇಳುವಂತೆ, "ನಟ್ಟು ಹೆಂಗೈತೆ ಬೀಗರೇ?" ಎಂದರು.

"ನಾನಿರೋ ತನಕ ಬಿಚ್ಚಲ್ಲ" ಎಂದೆ.

ಊಟ ಮುಗಿಸಿ ಹೋದಾಗ ಮೋಟಾರಿಗೆ ಪೂಜೆಯಾಗಿತ್ತು. ಅರಿಸಿನ, ಕುಂಕುಮ, ಫ್ಯಾನಿಗೆ ದಪ್ಪ ಸೇವಂತಿಗೆ ಸರ. ಬೀಗರೂ ನಾನೂ ದೋಣಿ ಹತ್ತಿದೆವು. ದಡದಲ್ಲಿ ಊರೇ ನಿಂತಿತ್ತು. ಕೆರೆಯ ನಡುವೆ, ದೋಣಿ ತಿರುಗಿಸಲೆಂದು ರಿವರ್ಸ್ ಗೇರು ಹಾಕಿದೆ. ಮೋಟಾರು ಒಮ್ಮೆ ಬೊಬ್ಬೆ ಹೊಡೆಯಿತು. ದೋಣಿ ನಿಂತಿತು. ಮೋಟಾರು ಎತ್ತಿ ನೋಡಿದರೆ ಫ್ಯಾನಿಲ್ಲದೆ ದಂಡ ಬೋಳಾಗಿತ್ತು. ಸೇವಂತಿಗೆ ಹೂಗಳು ಒಂದೊಂದಾಗಿ ಮೇಲೆ ತೇಲಿಬಂದವು.

ಬೀಗರು ಹಲಗೆಯಿಂದ ಹುಟ್ಟು ಹಾಕುತ್ತಾ, "ನೀವು ಇನ್ನೂ ಇದ್ದೀರಲ್ಲ ಬೀಗರೇ" ಎಂದರು, ಅಷ್ಟೇ.

ದಡದಲ್ಲಿ ತನಿಖೆ ನಡೆಯಿತು. ಪಿನ್ನು ಕುಂಕುಮದ ತಟ್ಟೆಯಲ್ಲಿ ಸಿಕ್ಕಿತು.

"ಸರ ನಿಲ್ಲಕ್ಕೆ ಎಲ್ಲೂ ಜಾಗಾನೇ ಇರ್ಲಿಲ್ಲ ಅಣ್ಣಾ," ಎಂದರು ಬೀಗಿತ್ತಿ. "ಆ ತೂತು ಚೆನ್ನಾಗಿತ್ತು. ತಂತಿ ಕಿತ್ತು ಬಾಳೆನಾರು ಪೋಣಿಸ್ದೆ. ಗಂಟು ಹಿಡಿಸ್ಲಿಲ್ಲ ಅಂತ, ನೀವಿನ್ನೂ ಉಣ್ತಿದ್ದಾಗ ಇವ್ರನ್ನ ಕರ್ದು, ಇವ್ರ ಕೈಲೇ ನಟ್ಟು ಒಂದೆರಡು ಸುತ್ತು ಸಡ್ಲ ಮಾಡಿಸ್ದೆ."

ಊರು ಬೀಗರ ಕಡೆ ತಿರುಗಿತು. ಬೀಗರು ಕೆರೆಯ ಕಡೆ ತಿರುಗಿದರು.

ನನ್ನ ಮರ್ಯಾದೆ ಅಲ್ಲಿಗೆ ಉಳಿಯಿತು. ಅದೇ ಹುರುಪಿನಲ್ಲಿ, "ಯಾರಾದ್ರೂ ಮುಳುಗಿ ಫ್ಯಾನು ತೆಗೀರಪ್ಪ" ಎಂದೆ. ಯಾರೂ ಕದಲಲಿಲ್ಲ. ಒಬ್ಬ ಮುದುಕ ಬೀಡಿ ಆರಿಸಿ, "ಯಾಕ್ ಮುಳುಗ್ಬೇಕು ಸಾಮಿ? ಬ್ಯಾಸ್ಗೆ ಬರ್ಲಿ. ಕೆರೇನೇ ಎದ್ದು ಹೋಯ್ತದೆ, ಫ್ಯಾನು ಅಲ್ಲೇ ಇರ್ತದೆ" ಎಂದ. ಎಲ್ಲರೂ ಒಪ್ಪಿದರು.

ಏಪ್ರಿಲಿನಲ್ಲಿ ಚಪ್ಪಲಿ ಹಾಕಿಕೊಂಡು ನಡೆದುಹೋಗಿ ಫ್ಯಾನು ತಂದೆವು. ಹೊಸ ನಟ್ಟು ಹಾಕಿ ಲೆಕ್ಕದಷ್ಟೇ ಬಿಗಿದು, ಪಿನ್ನಿನ ಎರಡು ಕಾಲನ್ನೂ ಬಾಗಿಸಿದೆ. ಬೀಗರು ಎರಡು ಕೈಯಲ್ಲಿ ಅಲ್ಲಾಡಿಸಿ ನೋಡಿ, ಸರಿಯಾಗಿದೆ ಎಂದರು. ಕೆರೆಯಲ್ಲಿ ನೀರಿರಲಿಲ್ಲ.