ಬೇಲಿಯ ಮುಂದೆ ಒಂದು ಗಂಟೆ

ಬೇಲಿಯ ಒಂದು ಗಿಡದ ಹೆಸರು, ಒಂದು ಗಂಟೆಯಲ್ಲಿ ಅದಕ್ಕೆ ಬರುವ ಹುಳಗಳ ಪಟ್ಟಿ. ಮೇಷ್ಟ್ರು ಈ ಕೆಲಸ ಕೊಟ್ಟದ್ದು ಮಗಳಿಗೆ. ಚಿಂತೆ ಹತ್ತಿದ್ದು ಅಪ್ಪನಿಗೆ. ಗಡಿಯಾರ ರಿಪೇರಿಯವನಾದ ಅವನು ವಾರದ ಆರು ದಿನ ಅಂಗಡಿಗೆ ಹೊರಡುವಾಗ ಅವಳು ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿರುತ್ತಿದ್ದಳು. ಊರವರ ಸಮಯವನ್ನೆಲ್ಲ ಸರಿಮಾಡುವವನಿಗೆ ಮಗಳ ಜೊತೆ ಕಳೆಯಲು ಸಿಗುತ್ತಿದ್ದುದು ಭಾನುವಾರವೊಂದೇ. ಈ ಭಾನುವಾರ ಸೈಕಲ್ ಕಲಿಸುವ ಮಾತಾಗಿತ್ತು.

"ಅಪ್ಪಾ, ಇಬ್ರೂ ಕೂತು ನೋಡೋಣ."

"ಬೇಡ ಪುಟ್ಟಿ. ನೀನು ಮಗ್ಗಿ ಮುಗಿಸು, ಹುಳ ನಾನು ನೋಡ್ಕೋತೀನಿ. ಆಮೇಲೆ ಇಡೀ ದಿನ ನಮ್ದೇ!"

ಕಣ್ಣಿಗೆ ಅಂಗಡಿಯ ಭೂತಗನ್ನಡಿ ಸಿಕ್ಕಿಸಿಕೊಂಡು ರಸ್ತೆಬದಿಯ ಬೇಲಿಗೆ ಮುಖ ಒಡ್ಡಿದ. ಎದುರುಮನೆಯ ನಿವೃತ್ತ ಹೆಡ್‌ಕ್ಲಾರ್ಕು ಗೇಟಿನಿಂದಲೇ ಕೂಗಿದರು: "ಏನ್ರೀ ಕಳ್ಕೊಂಡ್ರಿ?"

"ಏನಿಲ್ಲ ಸಾರ್. ಈ ಗಿಡದ ಹೆಸರೇನು?"

"ಮಾತು ತಿರುಗಿಸ್ಬೇಡಿ. ಗಿರಾಕಿಯ ಚಿನ್ನದ ವಾಚು ತಾನೆ?"

ಸುದ್ದಿಗೆ ಕಾಲು ಬೇಕೇ? ಐದೇ ನಿಮಿಷದಲ್ಲಿ ಬೀದಿಗೆ ಬೀದಿಯೇ ಬೇಲಿಯೊಳಗಿತ್ತು. ಪಕ್ಕದಮನೆ ಅಜ್ಜಿ ಕೋಲು ತಂದು ಗಿಡವನ್ನು ಬಡಿದೇ ಬಡಿದರು. ಚಿಟ್ಟೆಗಳು ಪರಾರಿ. ಸಿಟ್ಟಿಗೆದ್ದ ಜೇನುಹುಳವೊಂದು ಅವನ ಕೆನ್ನೆಗೆ ಮುದ್ರೆಯೊತ್ತಿತು. ಕೆನ್ನೆ ಹುದುಗು ಬಂದ ಹಿಟ್ಟಿನಂತೆ ಉಬ್ಬಿತು.

"ಅಯ್ಯೋ, ನನಗೆ ಬೇಕಾದ್ದು ಗಿಡದ ಹೆಸರು ಅಜ್ಜೀ!"

"ಲಂಟಾನ ಕಣಪ್ಪ, ಯಾವ ಬೇಲೀಲೂ ಇರುತ್ತೆ. ಅದಕ್ಕೆ ಇಷ್ಟು ರಂಪಾನಾ?" ಎಂದು ಅಜ್ಜಿ ಕೋಲು ಬಿಸಾಡಿದ ಮೇಲೇ ಗುಂಪು ಕರಗಿದ್ದು.

ಮತ್ತೆ ಮೊದಲಿನಿಂದ ಒಂದು ಗಂಟೆ. ಒಳಗಿನಿಂದ ಮಗಳ ಮಗ್ಗಿ ಕೇಳುತ್ತಿತ್ತು. ಕಿವಿ ಅಲ್ಲಿ, ಕಣ್ಣು ಇಲ್ಲಿ. ಆದರೂ ಕೂದಲೆಳೆಯಂಥ ಸ್ಪ್ರಿಂಗಿನಲ್ಲಿ ಪಳಗಿದ ಕಣ್ಣು. ಚಿಟ್ಟೆ ಏಳು, ಜೇನುಹುಳ ನಾಲ್ಕು, ಇರುವೆ ಎಣಿಕೆಗೆ ಸಿಕ್ಕದಷ್ಟು. ಒಂದೇ ಗೊಂಚಲಲ್ಲಿ ಹಳದಿ ಹೂವೂ ಕೆಂಪು ಹೂವೂ ಇದ್ದವು. ಚಿಟ್ಟೆಗಳು ಮೂತಿಯಿಟ್ಟದ್ದು ಮಾತ್ರ ಹೊಸದಾಗಿ ಅರಳಿದ ಹಳದಿಗೇ. ಅದನ್ನೂ ಬಿಡದೆ ಬರೆದ.

ಮಗಳು ಎಲ್ಲವನ್ನೂ ತನ್ನ ಅಕ್ಷರದಲ್ಲಿ ಇಳಿಸಿಕೊಂಡು, ಬೀದಿಯ ಕೊನೆಯಲ್ಲಿದ್ದ ಮೇಷ್ಟ್ರ ಮನೆಗೆ ತೋರಿಸಲು ಓಡಿದಳು. ಬರುವಾಗ ಕುಣಿಯುತ್ತ ಬಂದಳು.

"ಅಪ್ಪಾ, ಇಂಥಾ ಕಣ್ಣು ಕ್ಲಾಸಲ್ಲೇ ಯಾರಿಗೂ ಇಲ್ವಂತೆ! ಇವತ್ತಿಂದ ಪ್ರತಿ ಭಾನುವಾರ ಮೇಷ್ಟ್ರು ಹುಳ ನೋಡೋಕೆ ಕರ್ಕೊಂಡು ಹೋಗ್ತಾರೆ. ಸಂಜೆವರೆಗೂ!"

ಅವನು ಒರೆಸುತ್ತಿದ್ದ ಸೈಕಲ್ಲನ್ನು ಗೋಡೆಗೆ ಒರಗಿಸಿದ. "ಬರೀ ಮಕ್ಕಳೇನಾ?"

"ಇಲ್ಲ, ಅಪ್ಪಂದಿರೂ ಬರ್ಬೋದಂತೆ."

ಅವನು ಆಗಲೇ ಚಪ್ಪಲಿಗೆ ಕಾಲು ತೂರಿಸಿದ್ದ.

"ನಮ್ಮಪ್ಪ ಬರಲ್ಲ ಅಂದ್ಬಿಟ್ಟೆ. ಪಾಪ, ಇರೋದೊಂದು ರಜ. ನೀನು ಆರಾಮಾಗಿ ಮಲ್ಕೋ ಅಪ್ಪಾ" ಎಂದವಳೇ, ಅವನ ನಿದ್ದೆ ಕೆಡಬಾರದೆಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.