ಕ್ಲಚ್ ಪ್ಲೇಟು ತೀರಿಕೊಂಡ ದಿನ

ಒಂದೇ ಕಾರನ್ನು ಒಂಬತ್ತು ವರ್ಷ ಓಡಿಸಿದ ನನಗೆ ಅದರೊಳಗೆ ಕ್ಲಚ್ ಪ್ಲೇಟು ಎಂಬುದೊಂದಿದೆ ಎಂದು ಗೊತ್ತಾದದ್ದು ಅದು ತೀರಿಕೊಂಡ ಮೇಲೆ. ಹೇಳಿಕೊಳ್ಳಲು ನಾಚಿಕೆ. ಏಕೆಂದರೆ ಸಂಜಯನಗರದ ನಮ್ಮ ರಸ್ತೆಯಲ್ಲಿ ಕಾರನ್ನು ಮಗುವಿನಂತೆ ನೋಡಿಕೊಳ್ಳುವವನು ಎಂದು ನನಗೆ ಹೆಸರಿದೆ. ಭಾನುವಾರ ಬೆಳಿಗ್ಗೆ ಮೆತ್ತನೆಯ ಹಳೇ ಪಂಚೆಯಿಂದ ಬಾನೆಟ್ ಒರೆಸುತ್ತೇನೆ. ಯಾರಾದರೂ ಬಾಗಿಲನ್ನು ಧಡಾರನೆ ಹಾಕಿದರೆ ಅರ್ಧ ದಿನ ಮಾತು ಬಿಡುತ್ತೇನೆ. ಸೀಟಿನ ಕವರು ಆರಿಸಲು ನಾನು ಪಟ್ಟಷ್ಟು ಪಾಡನ್ನು ತನ್ನಪ್ಪ ಅಳಿಯನನ್ನು ಆರಿಸುವಾಗ ಪಟ್ಟಿರಲಿಲ್ಲ ಎಂದು ನನ್ನ ಹೆಂಡತಿ ಸುಮತಿ ಹೇಳುವುದುಂಟು.

ಅವಳೇ ಎರಡು ತಿಂಗಳಿಂದ, "ಏನೋ ಸುಟ್ಟ ವಾಸನೆ ಬರ್ತಿದೆ ಕಣ್ರೀ" ಎನ್ನುತ್ತಿದ್ದಳು. "ಮುಂದಿರೋ ಲಾರೀದು" ಎಂದೆ. ಲಾರಿಯಿಲ್ಲದ ರಸ್ತೆಯಲ್ಲೂ ವಾಸನೆ ಬಂದಾಗ, ಮಲ್ಲಿಗೆ ಪರಿಮಳದ ಪುಟ್ಟ ಡಬ್ಬಿಯೊಂದನ್ನು ತಂದು ಸ್ಟೇರಿಂಗಿನ ಪಕ್ಕ ಅಂಟಿಸಿದೆ. ಆಮೇಲೆ ಮಲ್ಲಿಗೆ ಸುಟ್ಟ ವಾಸನೆ ಬರತೊಡಗಿತು.

ಇಪ್ಪತ್ತೆರಡು ವರ್ಷ ಪಾಠ ಮಾಡಿದ ಸುಮತಿಗೆ ಅಟ್ಟೂರಿನ ಶಾಲೆಯೊಂದರಿಂದ ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಬೆಳಿಗ್ಗೆ ಹತ್ತಕ್ಕೆ. ಆಟೋದಲ್ಲಿ ಹೋಗುತ್ತೇನೆಂದಳು. "ಮನೇಲಿ ಕಾರ್ ಇಟ್ಕೊಂಡು ಆಟೋನಾ? ನಾನು ಬಿಡ್ತೀನಿ" ಎಂದು ಎದೆಯುಬ್ಬಿಸಿದೆ. ಒಂಬತ್ತೂವರೆಗೆ ಹೆಬ್ಬಾಳದ ಫ್ಲೈಓವರಿನ ಏರಿನಲ್ಲಿದ್ದೆವು. ಅಲ್ಲಿಯ ಟ್ರಾಫಿಕ್ಕಿನ ಬಗ್ಗೆ ಬರೆಯಹೊರಟರೆ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲ. ಎರಡಡಿ ಹೋಗು, ನಿಲ್ಲು, ಮತ್ತೆ ಎರಡಡಿ. ಹೀಗೇ ಒಮ್ಮೆ ಹೊರಡಬೇಕೆಂದು ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನು ವಿಮಾನದಂತೆ ಅಬ್ಬರಿಸಿತು, ಕಾರು ಮಾತ್ರ ಕದಲಲಿಲ್ಲ. ಇನ್ನೂ ಒತ್ತಿದೆ. ಹೊಗೆ ಬಂತು. ಹಿಂದೆ ಜಾರತೊಡಗಿದಾಗ ಗಾಬರಿಯಾಗಿ ಹ್ಯಾಂಡ್ ಬ್ರೇಕ್ ಎಳೆದೆ.

"ಏನ್ ಗುರು, ಗೇರ್ ಹಾಕೋದು ಮರ್ತ್‌ಬಿಟ್ಯಾ?" ಎಂದು ಬೈಕಿನವನೊಬ್ಬ ಕೇಳಿಕೊಂಡು ಹೋದ.

"ಹಾಕಿದೀನಿ ಕಣಯ್ಯಾ!" ಎಂದು ಕಿರುಚಿದೆ. ಕೇಳಿಸಿಕೊಳ್ಳಲು ಅವನಿರಲಿಲ್ಲ.

ಸುಮತಿ ಫೈಲನ್ನು ಎದೆಗವುಚಿಕೊಂಡು ಇಳಿದು, ತಡೆಗೋಡೆಯ ಪಕ್ಕ ನಿಂತಳು. ಸ್ಕೂಟರಿನಲ್ಲಿ ಬಂದ ಹಳ್ಳಿ ಕಡೆಯವಳಂತಿದ್ದ ಹೆಂಗಸೊಬ್ಬಳು ತಾನಾಗಿಯೇ ನಿಲ್ಲಿಸಿ, "ಎಲ್ಲಿಗಕ್ಕಾ?" ಎಂದು ಕೇಳಿ, ಅಟ್ಟೂರೆಂದು ತಿಳಿದೊಡನೆ, "ನಾನೂ ಆ ಕಡೆಗೇ ಓಗ್ತಿವ್ನಿ, ಅತ್ತಿ. ಎಲ್ಮೆಟ್ ಇನ್ನೊಂದೈತೆ" ಎಂದಳು. ಸುಮತಿ ಹತ್ತಿಯೇಬಿಟ್ಟಳು. "ಆಲ್ ದಿ ಬೆಸ್ಟ್!" ಎಂದು ನಾನು ಕೂಗಿದ್ದಕ್ಕೆ ಉತ್ತರವಾಗಿ ಹಿಂದಿನ ಬಸ್ಸು ಹಾರನ್ ಹೊಡೆಯಿತು.

ಕಾರನ್ನು ಎಳೆಸಿಕೊಂಡು ಆರ್.ಟಿ. ನಗರದ ಇಬ್ರಾಹಿಂ ಭಾಯಿಯ ಗ್ಯಾರೇಜಿಗೆ ತಲುಪಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಂಜೆ ಸುಮತಿ ಮನೆಗೆ ಬಂದು, "ಐದು ನಿಮಿಷ ಲೇಟಾಯ್ತು. ನಂಬ್ಕೊಂಡಿದ್ದು ದಾರೀಲಿ ಕೈಕೊಡ್ತು ಅಂದೆ. ಕಾರಾ, ಗಂಡನಾ ಅಂತ ಅವರು ಕೇಳ್ಲಿಲ್ಲ, ಪುಣ್ಯ" ಎಂದಳು. ಕೆಲಸ ಸಿಕ್ಕಿತ್ತು. ಆ ಸಂತೋಷದಲ್ಲೂ ನನ್ನನ್ನು ಕ್ಷಮಿಸಲು ಎರಡು ದಿನ ಹಿಡಿಯಿತು.

ಮೂರನೆಯ ದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ಇಬ್ರಾಹಿಂ ಭಾಯಿ ಊಟದ ತಟ್ಟೆಗಿಂತ ಚಿಕ್ಕದೊಂದು ಕರಕಲು ಬಿಲ್ಲೆಯನ್ನು ನನ್ನ ಕೈಗಿಟ್ಟರು. "ನೋಡಿ ಸಾಬ್, ಇಂಜಿನ್ ಜೋರನ್ನ ಗೇರಿಗೆ ಮುಟ್ಸೋದು ಇದೇ. ಪೂರಾ ಸವ್ದೋಗಿದೆ. ಓಡಿಸ್ವಾಗ ಎಡಗಾಲು ಕ್ಲಚ್ ಮೇಲೇ ಇಟ್ಕೋತೀರಾ?"

"ಯಾವಾಗಾದ್ರೂ ಒಮ್ಮೆ..." ಎಂದೆ.

"ಯಾವಾಗ್ಲೂ" ಎಂದಳು ಸುಮತಿ.

ಆ ಬಿಲ್ಲೆಯನ್ನು ಹಿಡಿದು ನಿಂತಾಗ ನಿಜಕ್ಕೂ ಸಂಕಟವಾಯಿತು. ಹೆಬ್ಬಾಳದ ಒಂದೊಂದು ನಿಲುಗಡೆಯಲ್ಲೂ ನನ್ನ ಸೋಮಾರಿ ಕಾಲಿನ ಭಾರವನ್ನು ಹೊತ್ತು, ಉಜ್ಜಿಸಿಕೊಂಡು, ಸುಟ್ಟುಕೊಂಡು ಇದು ದುಡಿದಿದೆ. ನಾನೋ, ಬಾನೆಟ್ ಒರೆಸುತ್ತಿದ್ದೆ!

"ಬ್ರೇಕ್ ಪ್ಯಾಡು, ಫ್ಯಾನ್ ಬೆಲ್ಟು, ಇಂಜಿನ್ನನ್ನ ಹಿಡ್ಕೊಂಡಿರೋ ಇಂಜಿನ್ ಮೌಂಟು, ಅವೂ ಸುಸ್ತಾಗಿವೆ ಸಾಬ್" ಎಂದರು ಇಬ್ರಾಹಿಂ ಭಾಯಿ.

ಇನ್ನು ಮುಂದೆ ಎಲ್ಲವನ್ನೂ ಅಕ್ಕರೆಯಿಂದ ನೋಡಿಕೊಳ್ಳುವ ಹುಮ್ಮಸ್ಸಿನಲ್ಲಿ ಕೇಳಿದೆ: "ಇಂಜಿನ್ ಮೌಂಟಾ? ಅದೂ ಮೊದಲಿಂದ ನಮ್ ಕಾರಲ್ಲೇ ಇತ್ತಾ?"

ಇಬ್ರಾಹಿಂ ಭಾಯಿ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಕಾರಿನ ಕೀಲಿಯನ್ನು ಸುಮತಿಯ ಕೈಗೆ ಕೊಟ್ಟರು.